ಬಿಲದ ಬಾಯಿ

ಆಸ್ಪತ್ರೆಯಲ್ಲಿ ಅವಳಿಗೆ 'ಉಸಿರಕ್ಕ' ಎಂದೇ ಹೆಸರು. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಿಂತು, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ... ಹಾಂ, ಬಿಡಿ" ಎಂದು ದಿನಕ್ಕೆ ಐವತ್ತು ಸಲ ಹೇಳಿದ್ದಕ್ಕೆ ಸಿಕ್ಕ ಬಿರುದು. ಮೊದಲು ಆಯಾ ಕರೆದಳು, ಆಮೇಲೆ ನರ್ಸುಗಳು, ಕೊನೆಗೆ ದೊಡ್ಡ ಡಾಕ್ಟರೂ ಕರೆದರು. ಅವಳಿಗೇನೂ ಬೇಸರವಿರಲಿಲ್ಲ. ಡ್ಯೂಟಿ ಇಲ್ಲದ ಬೆಳಗುಗಳಲ್ಲಿ ಕ್ಯಾಮೆರಾ ಹಿಡಿದು ತೊರೆಯ ದಂಡೆಯಲ್ಲಿ ಕೂತಾಗ ಅವಳೂ ಮಾಡುತ್ತಿದ್ದದ್ದು ಅದನ್ನೇ.

ತೊರೆ ಇದ್ದದ್ದು ಊರಿನ ಹಿಂಭಾಗದಲ್ಲಿ, ಎಂದೋ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಬೆನ್ನಿಗೆ. ಇಟ್ಟಿಗೆಗೆಂದು ಮಣ್ಣು ಕಡಿದು ಕಡಿದು ದಂಡೆ ಒಂದು ಕಡೆ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಆ ಗೋಡೆಯಲ್ಲಿ ಪ್ರತಿ ವರ್ಷ ಒಂದು ಜೋಡಿ ಮಿಂಚುಳ್ಳಿ ಬಿಲ ತೋಡಿ ಮರಿ ಮಾಡುತ್ತಿತ್ತು. ಅವಳು ನಾಲ್ಕು ಚಳಿಗಾಲಗಳಿಂದ ಅವುಗಳ ಹಿಂದೆ ಬಿದ್ದಿದ್ದಳು. ನೀರಿನ ಮೇಲೆ ಮಂಜು ಕೂತಿರುವಾಗಲೇ ಹೋಗಿ ಪೊದೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡರೆ ಬೆರಳು ಮರಗಟ್ಟಿ ಗುಂಡಿ ಒತ್ತಲಾಗದಷ್ಟು ಹೊತ್ತು ಕೂತಿರುತ್ತಿದ್ದಳು. ಚಳಿಯಲ್ಲಿ ಗಂಡೂ ಹೆಣ್ಣೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿದ್ದವು, ನನ್ನ ಜಾಗಕ್ಕೆ ಯಾಕೆ ಬಂದೆ ಎನ್ನುವ ಹಾಗೆ. ಬೋಳು ಕೊಂಬೆಗಳ ತುದಿಯಲ್ಲಿ ಮೊಗ್ಗು ಕೆಂಪಾಗುವ ವೇಳೆಗೆ ಜಗಳ ನಿಲ್ಲುತ್ತಿತ್ತು. ಒಂದು ದಿನ ಗಂಡು ಹಕ್ಕಿ ಮೀನು ಹಿಡಿದು ತಂದು ಹೆಣ್ಣಿನ ಕೊಕ್ಕಿಗೆ ಕೊಡುತ್ತಿತ್ತು.

ಆ ಕೊಡುವ ಗಳಿಗೆಯ ಫೋಟೋ ಅವಳಿಗೆ ಈ ವರ್ಷ ಸಿಕ್ಕಿತು. ಅದನ್ನು ತೋರಿಸುವಾಗೆಲ್ಲ ಅವಳು ಒಂದು ವಿಷಯ ಹೇಳುತ್ತಿದ್ದಳು. ಮಿಂಚುಳ್ಳಿ ತಾನೇ ನುಂಗುವ ಮೀನಾದರೆ ಅದರ ತಲೆ ಹಕ್ಕಿಯ ಗಂಟಲಿನ ಕಡೆಗಿರುತ್ತದೆ. ಬೇರೆಯವರಿಗೆ ಕೊಡುವ ಮೀನಾದರೆ ತಿರುಗಿಸಿ, ತಲೆ ಹೊರಗೆ ಮಾಡಿ ಹಿಡಿಯುತ್ತದೆ, ತಿನ್ನುವವರಿಗೆ ಮುಳ್ಳು ಚುಚ್ಚದಿರಲಿ ಎಂದು. ಇಷ್ಟು ಗಮನಿಸಲು ಅವಳಿಗೆ ಎರಡು ಚಳಿಗಾಲ ಹಿಡಿದಿತ್ತು.

ಇದನ್ನು ಅವಳು ಹೇಳಿದವರಲ್ಲಿ ತಮ್ಮನೂ ಒಬ್ಬ. ತಮ್ಮನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ನಲವತ್ತು ದಾಟಿದರೂ ಅಮ್ಮನ ಬಾಯಲ್ಲಿ ಇನ್ನೂ 'ಪುಟ್ಟ'. ಕೈಗೆತ್ತಿಕೊಂಡದ್ದನ್ನೆಲ್ಲ ಆರು ತಿಂಗಳು ಹುಚ್ಚು ಹಿಡಿದವನಂತೆ ಮಾಡಿ ಬಿಡುವವನು. ಸೈಕಲ್ ಆಯಿತು, ಗಿಟಾರ್ ಆಯಿತು, ಈ ಸಲ ತೋಳುದ್ದದ ಲೆನ್ಸ್ ಬಂತು.

"ಅಕ್ಕ, ನಿನ್ ಹಕ್ಕಿ ನಂಗೂ ತೋರ್ಸೇ," ಎಂದ.

ಆ ಜಾಗವನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಆದರೆ ತನ್ನ ಹುಚ್ಚನ್ನು ಕೇಳಿದವರು ಮನೆಯಲ್ಲಿ ಅದೇ ಮೊದಲು. ಅವಳಿಗೆ ಹಿಗ್ಗೋ ಹಿಗ್ಗು. ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಕರೆದುಕೊಂಡು ಹೋದಳು. ಪೊದೆಯ ಹಿಂದೆ ಕೂರಿಸಿ, ಇಲ್ಲಿಂದ ಮುಂದೆ ಕಾಲಿಡಬಾರದು, ಬಿಲದ ಹತ್ತಿರ ಸುಳಿಯಬಾರದು ಎಂದು ಎರಡೆರಡು ಸಲ ಹೇಳಿದಳು.

"ಆಯ್ತು ಮಾರಾಯ್ತಿ, ನಾನೇನು ಮಗುನಾ?" ಎಂದು ಅವನು ನಕ್ಕಿದ್ದ.

ವಸಂತ ಕಾಲೂರಿತು. ಮರಗಳಲ್ಲಿ ಎಳೆ ಎಲೆ ಬಂತು. ಹೆಣ್ಣು ಬಿಲದೊಳಗೆ ಕಾವಿಗೆ ಕೂತಿತು, ಮರಿಯೊಡೆಯಿತು. ಅಷ್ಟರಲ್ಲಿ ಎಕ್ಸ್‌ರೇ ವಿಭಾಗದ ಇನ್ನೊಬ್ಬಾಕೆ ರಜೆ ಹಾಕಿದ್ದರಿಂದ ಅವಳಿಗೆ ಹತ್ತು ದಿನ ಬಿಡುವೇ ಸಿಗಲಿಲ್ಲ. ಹನ್ನೊಂದನೆಯ ದಿನ ಭಾನುವಾರ. ಊರಿನ ಫೋಟೋ ಸಂಘದ ಪ್ರದರ್ಶನ ಗ್ರಂಥಾಲಯದ ಮಹಡಿಯಲ್ಲಿತ್ತು. ವಿಷಯ 'ಚಳಿಯಿಂದ ಚಿಗುರಿಗೆ'. ಅವಳು ಆ ಮೀನು ಕೊಡುವ ಚಿತ್ರ ಕೊಟ್ಟಿದ್ದಳು, ತಮ್ಮನೂ ಒಂದು ಕೊಟ್ಟಿದ್ದ.

ಅವಳ ಚಿತ್ರವನ್ನು ಬಾಗಿಲ ಹಿಂದೆ ತೂಗುಹಾಕಿದ್ದರು. ಯಾರಾದರೂ ಬಾಗಿಲು ತೆರೆದರೆ ಚಿತ್ರ ಮುಚ್ಚಿಹೋಗುತ್ತಿತ್ತು. ತಮ್ಮನದು ವೇದಿಕೆಯ ಪಕ್ಕದಲ್ಲಿ, ಬಾಗಿಲಿನಷ್ಟೇ ದೊಡ್ಡದಾಗಿ, ಮೂಲೆಯಲ್ಲಿ 'ಪ್ರಥಮ' ಎಂಬ ಚೀಟಿ ಅಂಟಿಸಿಕೊಂಡು ಗೋಡೆಯಲ್ಲಿ ತೂಗುತ್ತಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು.

ನಿಜಕ್ಕೂ ಕಣ್ಣು ಕೀಳಲಾಗದ ಚಿತ್ರ. ಮಿಂಚುಳ್ಳಿ ಗಾಳಿಯಲ್ಲಿ ನಿಂತಿದೆ, ಎರಡೂ ರೆಕ್ಕೆ ಬೀಸಣಿಗೆಯಂತೆ ಬಿಚ್ಚಿದೆ, ಕೊಕ್ಕಿನಲ್ಲಿ ಬೆಳ್ಳಿ ಮೀನು. ಒಂದೊಂದು ಗರಿಯನ್ನೂ ಎಣಿಸಬಹುದು. ಅವಳ ಎದೆಯಲ್ಲಿ ಮೊದಲು ಎದ್ದದ್ದು ಹೊಟ್ಟೆಕಿಚ್ಚೇ. ಅದನ್ನು ಅವಳು ಆಮೇಲೂ ಅಲ್ಲಗಳೆಯಲಿಲ್ಲ. ಆದರೆ ಚಿತ್ರ ನೋಡುವುದು ಅವಳ ಕಸುಬು. ಎಲ್ಲರಿಗೂ ಮೂಳೆ ಕಾಣುವಲ್ಲಿ ಅವಳಿಗೆ ಕೂದಲೆಳೆಯ ಬಿರುಕು ಕಾಣುತ್ತಿತ್ತು. ಮೀನಿನ ತಲೆ ಹೊರಗಿದೆ. ಅಂದರೆ ಮರಿಗಳಿಗೆ. ಮರಿಗಳಿಗೆ ತಂದ ಮಿಂಚುಳ್ಳಿ ಗಾಳಿಯಲ್ಲಿ ನಿಲ್ಲುವುದಿಲ್ಲ, ಬಿಟ್ಟ ಬಾಣದಂತೆ ನೇರ ಬಿಲದೊಳಗೆ ನುಗ್ಗುತ್ತದೆ. ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ಅದು ಬಿಲದ ಮುಂದೆ ರೆಕ್ಕೆ ಬಡಿಯುತ್ತ ನಿಂತದ್ದನ್ನು ಅವಳು ನೋಡಿರಲಿಲ್ಲ. ಒಳಗೆ ಹೋಗಲು ದಾರಿ ಇದ್ದಿದ್ದರೆ ಅದು ಯಾಕೆ ನಿಲ್ಲುತ್ತಿತ್ತು?

ತಮ್ಮ ಹೊಸ ಅಂಗಿ ಹಾಕಿಕೊಂಡು ಅಭಿನಂದನೆ ಸ್ವೀಕರಿಸುತ್ತಿದ್ದ. ಅವಳು ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದುಕೊಂಡು ಹೋದಳು.

"ಬಿಲದ ಬಾಯಿಗೆ ಏನಿಟ್ಟಿದ್ದೆ?"

"ಏನಕ್ಕ?"

"ಏನಿಟ್ಟಿದ್ದೆ ಅಂತ ಕೇಳ್ದೆ."

ಅವನು ಆಚೀಚೆ ನೋಡಿದ. "ಮೆಲ್ಲಗೆ ಮಾತಾಡೇ. ಎಲ್ರೂ ಮಾಡ್ತಾರೆ ಅದನ್ನ. ಐದು ನಿಮಿಷ ಮುಚ್ಚಿದ್ರೆ ಹಕ್ಕಿ ಎದುರಿಗೇ ನಿಲ್ಲತ್ತೆ, ಒಂದಿಪ್ಪತ್ತು ಫೋಟೋ ಹೊಡ್ಕೊಂಡು..."

"ಯಾವತ್ತು?"

"ಹೋದ ವಾರ, ಶನಿವಾರ."

"ಆಮೇಲೆ ತೆಗೆದ್ಯಾ?"

ಅವನ ಮುಖ ಒಂದು ಕ್ಷಣ ಖಾಲಿಯಾಯಿತು. ಕನ್ನಡಕ ಎಲ್ಲಿಟ್ಟೆ ಎಂದು ಯೋಚಿಸುವವರ ಮುಖದ ಹಾಗೆ.

"ತೆಗೆದಿರ್ತೀನಿ," ಎಂದ.

ಅವಳು ಮೆಟ್ಟಿಲಿಳಿದದ್ದು, ಸ್ಕೂಟರ್ ಹತ್ತಿದ್ದು, ಕಾರ್ಖಾನೆಯ ಮುರುಕು ಗೇಟು ದಾಟಿದ್ದು ಒಂದೂ ಅವಳಿಗೆ ನೆನಪಿಲ್ಲ. ತೆಗೆದಿರ್ತೀನಿ! ಆ ಒಂದು ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ತೊರೆಯಲ್ಲಿ ಮೊಣಕಾಲುದ್ದ ನೀರು. ಚಪ್ಪಲಿ ಸಮೇತ ಇಳಿದು ಮಣ್ಣಿನ ಗೋಡೆಯ ಕೆಳಗೆ ನಿಂತಳು.

ಬಿಲದ ಬಾಯಲ್ಲಿ ಹಳದಿ ಬಟ್ಟೆ ಸುತ್ತಿದ ಕಲ್ಲೊಂದು ಬಿಗಿಯಾಗಿ ಕೂತಿತ್ತು. ಅದರ ಸುತ್ತ ಮಣ್ಣಿನಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು, ಕೊಕ್ಕಿನಿಂದ ಕುಟ್ಟಿದ ಗುರುತು.

ಅವಳು ಉಗುರು ಹಾಕಿ ಎಳೆದಳು. ಕಲ್ಲು ಜಾರಿ ನೀರಿಗೆ ಬಿತ್ತು, ಬಟ್ಟೆ ಕೈಗೆ ಬಂತು. ಬಿಲಕ್ಕೆ ಕಿವಿಯಿಟ್ಟು ಉಸಿರು ಬಿಗಿಹಿಡಿದಳು. ಎಷ್ಟೋ ಹೊತ್ತು ಹಿಡಿದಳು. ಒಳಗಿಂದ ಬಂದದ್ದು ನಾತ ಮಾತ್ರ. ಮೇಲಾಗಲಿ ಕೆಳಗಾಗಲಿ, ತೊರೆಯಲ್ಲಿ ಎಲ್ಲೂ ನೀಲಿ ಬಣ್ಣವಿರಲಿಲ್ಲ.

ತೆಗೆಯುವ ಮೊದಲು ಒಂದು ಫೋಟೋ ಹೊಡೆಯಬೇಕಿತ್ತು ಎಂದು ಹೊಳೆದದ್ದು ಆಗ. ಹಾಗೆ ಹೊಳೆದದ್ದಕ್ಕೂ ಅವಳಿಗೆ ತನ್ನ ಮೇಲೆ ರೇಗಿತು. ಬಟ್ಟೆ ಬಿಡಿಸಿ ನೋಡಿದಳು. ಕನ್ನಡಕ ಒರೆಸಲು ಅಂಗಡಿಯಲ್ಲಿ ಪುಕ್ಕಟೆ ಕೊಡುವ ಬಟ್ಟೆ. ತಮ್ಮನ ಅಂಗಡಿಯ ಹೆಸರು, ಅದರ ಕೆಳಗೆ 'ನಿಮ್ಮ ಕಣ್ಣು, ನಮ್ಮ ಕಾಳಜಿ'.

ಗ್ರಂಥಾಲಯಕ್ಕೆ ವಾಪಸ್ಸಾದಾಗ ಸಂಘದ ಅಧ್ಯಕ್ಷರು ಮೈಕಿನ ಮುಂದಿದ್ದರು. ಅವರು ಹಲ್ಲಿನ ಡಾಕ್ಟರು. 'ಪ್ರಕೃತಿಯ ಮೇಲಿನ ಪ್ರೀತಿ' ಎಂಬಲ್ಲಿಗೆ ಬಂದಿದ್ದರು. ಅವಳು ಒದ್ದೆ ಸೀರೆಯಲ್ಲಿ ನೀರು ತೊಟ್ಟಿಕ್ಕಿಸುತ್ತ ನಡುವಿನ ದಾರಿಯಲ್ಲಿ ನಡೆದುಹೋಗಿ ಆ ಬಟ್ಟೆಯನ್ನು ಅವರ ಮೇಜಿನ ಮೇಲೆ, ಹೂಗುಚ್ಛದ ಪಕ್ಕ ಇಟ್ಟಳು.

"ಈ ಫೋಟೋಗೆ ಹಕ್ಕಿ ನಿಂತ್ಕೊಳ್ಲಿ ಅಂತ ಇದನ್ನ ಬಿಲಕ್ಕೆ ತುರುಕಿದಾನೆ. ತೆಗೆಯೋಕೆ ಮರೆತಿದಾನೆ. ಒಳಗಿದ್ದ ಮರಿ ಅಷ್ಟೂ ಸತ್ತಿವೆ. ಯಾರಿಗಾದ್ರೂ ನಂಬಿಕೆ ಬರ್ಲಿಲ್ಲ ಅಂದ್ರೆ ಮೂಸಿ ನೋಡಿ."

ಸಭೆಯಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಮೈಕಿಗೆ ಕೈ ಅಡ್ಡ ಹಿಡಿದು, "ಮೇಡಂ, ಮನೆ ವಿಷಯ ಮನೇಲಿ ಮಾತಾಡ್ಕೊಂಡ್ರೆ ಚೆನ್ನಾಗಿರತ್ತೆ," ಎಂದರು.

"ಇದು ಮನೆ ವಿಷಯ ಅಲ್ಲ ಡಾಕ್ಟ್ರೇ. ಮನೇಲಿ ಸತ್ತಿಲ್ಲ ಅವು."

ತಮ್ಮನ ಕಿವಿ ಕೆಂಪಾಗಿತ್ತು. "ಬಾಗಿಲ ಹಿಂದೆ ಹಾಕಿದ್ರಲ್ಲ ನಿನ್ನ ಫೋಟೋ, ಅದು ನಿಂಗೆ ತಡ್ಕೊಳ್ಳೋಕಾಗ್ತಿಲ್ಲ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಬರೀ ಹೊಟ್ಟೆಕಿಚ್ಚು!"

"ಹೌದು ಕಣೋ, ಹೊಟ್ಟೆಕಿಚ್ಚೇ. ಇಲ್ಲಿಗೆ ಬಂದಾಗ ನಂಗೆ ಹೊಟ್ಟೆಕಿಚ್ಚಿತ್ತು. ತೊರೆಗೆ ಹೋಗಿ ಬಂದ್ಮೇಲೆ ಇರೋದು ಬೇರೆ."

ಅಮ್ಮ ಎದ್ದು ಬಂದು ಅವಳ ಕೈ ಜಗ್ಗಿದಳು. "ಒಂದು ಹಕ್ಕಿಗೋಸ್ಕರ ಒಡಹುಟ್ಟಿದವನ ಮಾನ ಕಳೀತೀಯಲ್ಲೇ! ಪುಟ್ಟ ಬೇಕು ಅಂತ ಮಾಡಿರ್ತಾನಾ?"

ಅವಳು ಕೈ ಬಿಡಿಸಿಕೊಂಡಳು. ದೊಡ್ಡ ಚೌಕಟ್ಟನ್ನು ತಾನೊಬ್ಬಳೇ ಮೊಳೆಯಿಂದ ಎತ್ತಿ, ಏದುಸಿರು ಬಿಡುತ್ತ, ಮುಖ ಗೋಡೆಗೆ ಮಾಡಿ ನೆಲಕ್ಕೆ ನಿಲ್ಲಿಸಿದಳು. ಯಾರೂ ತಡೆಯಲಿಲ್ಲ, ಯಾರೂ ಕೈ ಜೋಡಿಸಲೂ ಇಲ್ಲ. ಆಮೇಲೆ ಬಾಗಿಲ ಹಿಂದಿದ್ದ ತನ್ನ ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು.

ಹತ್ತು ದಿನದ ಮೇಲೆ ಸಂಘದಿಂದ ಎಲ್ಲ ಸದಸ್ಯರಿಗೂ ಒಂದು ಪತ್ರ ಬಂತು. 'ತಾಂತ್ರಿಕ ಕಾರಣಗಳಿಂದ ಪ್ರಥಮ ಬಹುಮಾನವನ್ನು ಹಿಂಪಡೆಯಲಾಗಿದೆ.' ಅವಳು ಊಟದ ಬಿಡುವಿನಲ್ಲಿ ಓದಿದಳು. ಇಷ್ಟು ದಿನ ನಿಧಾನಕ್ಕೆ ಆರುತ್ತಿದ್ದ ಸಿಟ್ಟು ಭಗ್ಗೆಂದಿತು. ಡ್ಯೂಟಿ ಮುಗಿಸಿ ನೇರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದಳು. ಅವರು ಒಬ್ಬ ದಪ್ಪ ಮನುಷ್ಯನ ಬಾಯಿಗೆ ಕನ್ನಡಿ ಹಾಕಿ ಬಗ್ಗಿದ್ದರು.

"ಇದೇನು ತಾಂತ್ರಿಕ ಕಾರಣ ಡಾಕ್ಟ್ರೇ? ಕ್ಯಾಮೆರಾ ಕೆಟ್ಟಿತ್ತಾ?"

"ಮೇಡಂ, ಪೇಷೆಂಟ್ ಇದಾರೆ..."

"ಇರ್ಲಿ. ನಾನು ಕಾಯ್ತೀನಿ. ಕಾಯೋದು ನಂಗೆ ಅಭ್ಯಾಸ." ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಳು. ಬಾಯಿ ತೆರೆದು ಮಲಗಿದ್ದವನ ಕಣ್ಣು ಇವರಿಬ್ಬರ ನಡುವೆ ಓಡಾಡತೊಡಗಿತು.

ಡಾಕ್ಟರು ಕೈಗವಸು ಕಳಚಿದರು. "ನೋಡಿ, ಬಹುಮಾನ ವಾಪಸ್ ತಗೊಂಡಿದೀವಿ. ಅವರಿಗೆ ಆಗ್ಬೇಕಾದ ಅವಮಾನ ಆಗಿದೆ. ಇನ್ನೇನು ಬರೀಬೇಕಿತ್ತು?"

"ನಡೆದದ್ದು. ಬಿಲ ಮುಚ್ಚಿ ತೆಗೆದ ಫೋಟೋ, ಮರಿಗಳು ಸತ್ತವು, ಅದಕ್ಕೆ ಹಿಂಪಡೆದಿದೀವಿ. ಒಂದೇ ಸಾಲು. ನೀವು ಹೀಗೆ ಮುಚ್ಚಿಟ್ರೆ ಮುಂದಿನ ವರ್ಷ ಇನ್ನೊಬ್ಬ ಬಟ್ಟೆ ತಗೊಂಡು ಹೋಗ್ತಾನೆ. ಇವನು ಮರೆತದ್ದಕ್ಕೆ ಸಿಕ್ಕಿಬಿದ್ದ. ಮರೀದೇ ಇರೋರು ಎಷ್ಟು ಜನ ಬಹುಮಾನ ತಗೊಂಡಿದಾರೋ ನಿಮಗೆ ಗೊತ್ತಾ?"

ಕುರ್ಚಿಯಲ್ಲಿದ್ದವನು ಬಾಯಲ್ಲಿ ಹತ್ತಿ ಇಟ್ಟುಕೊಂಡೇ, "ಬಯೀಯಿ ಡಾಕ್ಟ್ರೇ," ಎಂದ. ಬರೀರಿ ಎಂದದ್ದು ಎಂದು ಇಬ್ಬರಿಗೂ ತಿಳಿಯಿತು. ಡಾಕ್ಟರು ಔಷಧಿ ಚೀಟಿಯ ಹಿಂದೆಯೇ ಆ ಸಾಲನ್ನು ಬರೆದುಕೊಂಡರು. ಮರುದಿನ ಹೊಸ ಪತ್ರ ಹೋಯಿತು. ಅದರಲ್ಲಿ ತಾಂತ್ರಿಕ ಕಾರಣ ಇರಲಿಲ್ಲ.

ಅಮ್ಮ ಫೋನ್ ಮಾಡುವುದನ್ನು ಬಿಟ್ಟಳು. ತಮ್ಮ ಒಮ್ಮೆ ಬಂದ. ಬಾಗಿಲಲ್ಲೇ ನಿಂತು, "ಸಾರಿ ಹೇಳು ಅಂತ ಅಮ್ಮ ಕಳ್ಸಿದ್ಲು," ಎಂದ. "ಕಳ್ಸಿದವಳಿಗೇ ಹೋಗಿ ಹೇಳು," ಎಂದು ಅವಳು ಬಾಗಿಲು ಹಾಕಿಕೊಂಡಳು.

ಬೇಸಿಗೆಯ ಬಿಸಿಲು ಜೋರಾಗುವ ಹೊತ್ತಿಗೆ ಅವನು ಮತ್ತೆ ಬಂದ. ಈ ಸಲ ಯಾರೂ ಕಳಿಸಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಎಷ್ಟು ಮರಿ ಇದ್ದಿರ್ಬಹುದು ಅಕ್ಕ?"

"ಆರೋ ಏಳೋ."

ಅವನು ನೆಲ ನೋಡುತ್ತ ಹೇಳಿದ. "ಕಲ್ಲು ಇಟ್ಮೇಲೆ ಒಳಗಿಂದ ಶಬ್ದ ಕೇಳಿಸ್ತಿತ್ತು. ಚೀಂಯ್ ಅಂತ ಒಂದೇ ಸಮ. ಅದು ಕೇಳೀನೇ ಹಕ್ಕಿ ಮತ್ತೆ ಮತ್ತೆ ಬರ್ತಿತ್ತು. ಇನ್ನೊಂದು ಚೂರು ಕೂಗ್ಲಿ, ಇನ್ನೊಂದು ಫೋಟೋ ಸಿಗ್ಲಿ ಅಂತ ನಾನು... ಆಮೇಲೆ ಅಂಗಡಿಯಿಂದ ಫೋನ್ ಬಂತು. ಎದ್ದು ಹೋಗ್ಬಿಟ್ಟೆ."

ಅವಳು ನಲ್ಲಿ ನಿಲ್ಲಿಸಿದಳು. ಇಷ್ಟು ದಿನ ಅವಳ ಸಿಟ್ಟೆಲ್ಲ ಅವನು ಮರೆತದ್ದರ ಮೇಲಿತ್ತು. ಮರೆವಿಗೆ ಒಂದು ದಿನ ಕ್ಷಮೆ ಸಿಗುತ್ತಿತ್ತೋ ಏನೋ. ಅವನು ಕೇಳಿಸಿಕೊಂಡಿದ್ದ. ಕೈಯಲ್ಲಿದ್ದ ತಟ್ಟೆಯನ್ನು ಎಸೆಯದಿರಲು ಅವಳು ಅದನ್ನು ಮೆಲ್ಲಗೆ, ಎರಡೂ ಕೈಯಿಂದ ಕೆಳಗಿಟ್ಟಳು.

"ಇದನ್ನ ಅಮ್ಮಂಗೆ ಹೇಳು," ಎಂದಳು.

"ಅಮ್ಮಂಗಾ?"

"ಹೂಂ. ಅಮ್ಮನ ಎದುರಿಗೇ ಅಲ್ವಾ ನನ್ನನ್ನ ಹೊಟ್ಟೆಕಿಚ್ಚಿನವಳು ಅಂದಿದ್ದು? ಈಗ ನಂಗೆ ಹೇಳಿದ್ಯಲ್ಲ, ಇದೇ ಮಾತು, ಒಂದಕ್ಷರ ಬಿಡ್ದೆ, ಅವಳಿಗೂ ಹೇಳು. ಹೋಗು."

ಅವನು ಹೋದ. ಹೇಳುತ್ತಾನೆಂದು ಅವಳಿಗೆ ನಂಬಿಕೆ ಇರಲಿಲ್ಲ. ಒಂದು ಗಂಟೆಯ ಮೇಲೆ ಫೋನ್ ಬಡಿದುಕೊಂಡಿತು. ಎತ್ತಿದಳು.

"ಕೂಗ್ತಿದ್ದದ್ದು ಕೇಳ್ಕೊಂಡೂ ಕೂತಿದ್ನಂತಾ?" ಎಂದಳು ಅಮ್ಮ.

"ಹೂಂ."

"ಇವತ್ತು ನಾನು ಅವನ ಹತ್ರ ಮಾತಾಡಲ್ಲ ಕಣೇ. ಮುಖ ನೋಡೋಕಾಗ್ತಿಲ್ಲ ನಂಗೆ."

"ಮಾತಾಡಮ್ಮ," ಎಂದಳು ಅವಳು. "ಚೆನ್ನಾಗಿ ಬೈದು ಮಾತಾಡು. ನೀನು ಸುಮ್ನಿದ್ರೆ ಅವನಿಗೇ ಅನುಕೂಲ."