ಎರಡು ತೀರ್ಪಿನ ಸಾಹೇಬರು

ನಿವೃತ್ತರಾದರೂ ಸಾಹೇಬರಿಗೆ ಕುರ್ಚಿ ತಪ್ಪಲಿಲ್ಲ. ಸಂವಿಧಾನ ನ್ಯಾಯಾಲಯದಿಂದ ಇಳಿದ ಆರೇ ವಾರಕ್ಕೆ ಭೂ ಆಯೋಗ, ಆಮೇಲೆ ವಿಶ್ವವಿದ್ಯಾಲಯದ ಕುಲಪತಿ ಪಟ್ಟ, ಈಗ ಹೊಸ ನ್ಯಾಯಾಧೀಶರನ್ನು ಆರಿಸುವ ಸಮಿತಿಯ ಅಧ್ಯಕ್ಷತೆ. ಅದಕ್ಕೆ ಕೊಡಬೇಕಾದ ಜೀವನವಿವರ ಟೈಪು ಮಾಡಲು ಹಳೆಯ ಸ್ಟೆನೋ ಎಂದು ನನ್ನನ್ನು ಮನೆಗೆ ಕರೆಸಿದ್ದರು. ಸಮಿತಿಯಲ್ಲಿ ನನಗೂ ಒಂದು ಕೆಲಸವೆಂದು ಮಾತಾಗಿತ್ತು. ಈ ತಿಂಗಳಿಗೆ ನನ್ನ ಗುತ್ತಿಗೆ ಮುಗಿಯುತ್ತದೆ. ಮನೆಯಲ್ಲಿ ಓದುವ ಮಕ್ಕಳಿಬ್ಬರು.

"ಹಳೇ ಶಾರ್ಟ್‌ಹ್ಯಾಂಡ್ ಪುಸ್ತಕ ತಂದ್ಯೇನಮ್ಮಾ?"

"ತಂದಿದೀನಿ ಸಾರ್."

ಹನ್ನೊಂದು ವರ್ಷ ಕೇಳದಿದ್ದ ಪುಸ್ತಕ ಇವತ್ತೇ ಯಾಕೆ ಬೇಕಾಯಿತೋ, ಮನಸ್ಸು ಕುಟುಕಿತು.

"ಬರ್ಕೋ. ಪ್ರತಿಯೊಂದು ಮೊಕದ್ದಮೆಯಲ್ಲೂ ಎರಡೂ ಕಡೆಗೆ ಒಂದೊಂದು ತೀರ್ಪು ಬರೆಸಿ, ಗಟ್ಟಿಯಾಗಿ ನಿಂತದ್ದನ್ನೇ ಉಳಿಸಿದ್ದೇನೆ."

ಪದ್ಧತಿಯೇನೋ ನಿಜ. ಅರ್ಜಿ ಒಪ್ಪಿ ಒಂದು, ತಳ್ಳಿ ಒಂದು. ಬರೆದು ಬರೆದು ನನ್ನ ಬೆರಳು ಮರಗಟ್ಟುತ್ತಿದ್ದವು. ಆದರೆ ಅವರೊಬ್ಬರ ಮತದಿಂದ ಸರ್ಕಾರ ಗೆದ್ದ ಆ ಕೊನೆಯ ಭೂಸ್ವಾಧೀನದ ಮೊಕದ್ದಮೆ? ಪುಟ ತಿರುವಿದೆ. ಅರ್ಜಿ ತಳ್ಳಿದ್ದು ಇತ್ತು. ಮುಂದಿನ ಪುಟದಲ್ಲಿ ಬೇರೆ ಮೊಕದ್ದಮೆ.

"ಸಾರ್, ಇದಕ್ಕೆ ಒಂದೇ ಇದೆ."

"ಇನ್ನೊಂದನ್ನ ನಾನೇ ಕೈಯಲ್ಲಿ ಬರೆದಿದ್ದೆ. ಹರಿದುಹಾಕ್ದೆ." ಕನ್ನಡಕ ಒರೆಸಿಕೊಂಡರು. "ನೀನ್ಯಾವಾಗಮ್ಮ ವಕೀಲಿ ಶುರು ಮಾಡಿದ್ದು?"

ಇಬ್ಬರೂ ನಕ್ಕೆವು. ಕಾಫಿ ತಂದ ಅವರ ಹೆಂಡತಿ ಪುಟದ ಮೇಲಿನ ತಾರೀಖು ನೋಡಿದರು.

"ಇದು ನೀವು ಮೆಟ್ಟಿಲ ಮೇಲಿಂದ ಬಿದ್ದ ತಿಂಗಳಲ್ವಾ? ಬಲಗೈಗೆ ಪ್ಲಾಸ್ಟರು. ತುತ್ತೂ ನಾನೇ ಇಡ್ಬೇಕಿತ್ತು. ಸಹಿ ಎಡಗೈಲಿ ಗೀಚಿದ್ರೆ, ಹೆಬ್ಬೆಟ್ಟೇ ಒತ್ತಿಬಿಡಿ ಸಾರ್ ಅಂತ ಇವಳೇ ಅಂದಿದ್ಲು."

ಸಾಹೇಬರು ಲೋಟ ಮುಟ್ಟಲಿಲ್ಲ. "ಪುಸ್ತಕ ಇಲ್ಲೇ ಇರ್ಲಿ. ಸೋಮವಾರ ಸಮಿತಿ ಆಫೀಸಿಗೆ ಬಂದ್ಬಿಡು" ಎಂದರು.

ಎರಡೂ ಒಂದೇ ಉಸಿರಿನಲ್ಲಿ ಬಂದವು.

ಮಕ್ಕಳಿಗೆ ಏನು ಹೇಳಲಿ ಎಂಬ ಲೆಕ್ಕದಲ್ಲೇ 'ಪ್ರತಿಯೊಂದು ಮೊಕದ್ದಮೆಯಲ್ಲೂ' ಎಂಬುದನ್ನು ಅಳಿಸಿ, 'ಒಂದನ್ನು ಬಿಟ್ಟು ಉಳಿದೆಲ್ಲ ಮೊಕದ್ದಮೆಗಳಲ್ಲೂ' ಎಂದು ಟೈಪು ಮಾಡಿದೆ. ಹಾಳೆ ಅವರ ಮುಂದಿಟ್ಟು ಪುಸ್ತಕವನ್ನು ಚೀಲಕ್ಕೆ ಸೇರಿಸಿದೆ.

ಓದಿದರು. ಮತ್ತೊಮ್ಮೆ ಓದಿದರು.

"ಸೋಮವಾರ..."

"ಬರಲ್ಲ ಸಾರ್."

"ಕಾಫಿನಾದ್ರೂ ಕುಡ್ಕೊಂಡು ಹೋಗೇ" ಎಂದರು ಅವರ ಹೆಂಡತಿ, ಏನೊಂದೂ ತಿಳಿಯದೆ.