ಕೊನೆಯ ರೇಸಿನ ಈಡುಗಾಯಿ

"ಒಳಗಡೆ ಒಬ್ಬ ಬತ್ತಾವ್ನೆ... ಪಕ್ಕದಲ್ಲೇ ಅವ್ನೆ... ಇನ್ನೂ ಅವ್ನೆ... ಹೋದ! ದಾರಿ ಖಾಲಿ, ನುಗ್ಗು ಸಿಂಧು!"

ಗ್ಯಾಲರಿಯ ಚಾವಣಿಯ ಮೇಲೆ ನಿಂತ ತೇಜಸ್ವಿ ಹೆಡ್‌ಸೆಟ್ಟಿನ ಮೈಕಿನಲ್ಲಿ ಕೂಗಿದ. ಕೆಳಗೆ ಡಾಂಬರಿನ ದುಂಡು ಹಾದಿಯಲ್ಲಿ ಕಾರುಗಳು ಎಡಕ್ಕೆ ತಿರುಗುತ್ತ, ಮತ್ತೆ ಎಡಕ್ಕೇ ತಿರುಗುತ್ತ ಸುತ್ತುತ್ತಿದ್ದವು. ಅವುಗಳಲ್ಲಿ ನೀಲಿಯದು ಅವನ ಹೆಂಡತಿಯದು. ಸ್ಟಾಕ್ ಕಾರು ಹೊರಗಿನಿಂದ ನೋಡಿದರೆ ಬೀದಿಯಲ್ಲಿ ಓಡುವ ಕಾರೇ. ಒಳಗೆ ಇಣುಕಿದರೆ ಒಂದೇ ಸೀಟು, ಸುತ್ತ ಕಬ್ಬಿಣದ ಪಂಜರ. ಪಟ್ಟಿ ಬಿಗಿದುಕೊಂಡು ಕೂತವಳಿಗೆ ಅಕ್ಕಪಕ್ಕ ಕಾಣುವುದಿಲ್ಲ, ಹಾಗಾಗಿ ಅವಳ ಕಣ್ಣು ಇವನೇ. ಬೇರೆ ತಂಡದವರು ರೇಡಿಯೋ ಕದ್ದು ಕೇಳುವುದುಂಟು. ಕೇಳಲಿ ಪಾಪ! ಮಂಡ್ಯದ ಕನ್ನಡ ಏಳು ಸಮುದ್ರದಾಚೆಯ ಈ ಆಲ್ಟಮಾಂಟ್ ಗುಡ್ಡದಲ್ಲಿ ಯಾರಪ್ಪನಿಗೆ ಅರ್ಥವಾಗಬೇಕು?

ಹೆಡ್‌ಸೆಟ್ಟಿನೊಳಗೆ ಎಂಜಿನ್ನುಗಳ ಆರ್ಭಟವೆಲ್ಲ ಎಲ್ಲೋ ದೂರದ ಜೇನುಹುಟ್ಟಿನ ಸದ್ದಾಗಿಬಿಡುತ್ತಿತ್ತು. ಆ ಗುಂಯ್‌ಗುಡುವಿಕೆಯ ನಡುವೆ ಸಿಂಧುವಿನ ಉಸಿರು ಮಾತ್ರ ಕಿವಿಯ ಪಕ್ಕದಲ್ಲೇ ಮಲಗಿದವಳ ಉಸಿರಿನಷ್ಟು ಹತ್ತಿರ. ಒಣಹುಲ್ಲಿನ ಗುಡ್ಡಗಳು ಇಳಿಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಅವುಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು, ಪಡುವಣದಿಂದ ಕೊಲ್ಲಿಯ ಮಂಜು ಮೆಲ್ಲಗೆ ಗುಡ್ಡ ಹತ್ತುತ್ತಿತ್ತು. ಸುತ್ತುವುದನ್ನೇ ನೋಡುತ್ತ ನಿಂತರೆ ಇದು ಯಾವ ವರ್ಷ, ಯಾವ ಊರು ಎಂಬುದೂ ಅವನಿಗೆ ಮರೆತುಹೋಗುತ್ತಿತ್ತು.

ಮರೆಯುವಂತಿರಲಿಲ್ಲ ಅನ್ನಿ. ಈ ಮೈದಾನದಲ್ಲಿ ಇವತ್ತಿನದೇ ಕೊನೆಯ ರೇಸು. ಸೋಮವಾರ ಬುಲ್ಡೋಜರು ಬರುತ್ತದೆ, ಆಮೇಲೆ ಗೋದಾಮು ಏಳುತ್ತದೆ. ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ವಾರವೆಲ್ಲ ದುಡಿದು ಶನಿವಾರ ಇಲ್ಲಿ ಬಂದು ಗ್ರೀಸು ಮೆತ್ತಿಕೊಳ್ಳುತ್ತಿದ್ದ ಸಿಂಧು ಎರಡನೆಯವಳಾಗಿ ಬಂದಿದ್ದಳು, ಮೂರನೆಯವಳಾಗಿಯೂ ಬಂದಿದ್ದಳು. ಮೊದಲು ಬಂದಿರಲಿಲ್ಲ. "ಒಂದೇ ಒಂದ್ ಸಲ, ತೇಜು. ಆಮೇಲೆ ಕಾರ್ ಮಾರ್ಬಿಡೋಣ," ಎಂದು ಬೆಳಿಗ್ಗೆ ಹೆಲ್ಮೆಟ್ಟು ಒರೆಸುತ್ತ ಹೇಳಿದ್ದಳು. ಅವಳು ಅಷ್ಟು ಆಸೆಯಿಂದ ಏನನ್ನಾದರೂ ಕೇಳಿದ್ದನ್ನು ಅವನು ಕಂಡಿರಲಿಲ್ಲ.

ಈಗ ಅವಳು ಎರಡನೆಯವಳು. ಮುಂದಿದ್ದದ್ದು ವಾಲ್ಟನ ಕೆಂಪು ಕಾರು. ಎಪ್ಪತ್ತರ ಆಸುಪಾಸಿನ ಮುದುಕ. ಅವಳಿಗೆ ಈ ನೀಲಿ ಕಾರನ್ನು ಮಾರಿದವನು ಅವನೇ, ತಿರುವಿನಲ್ಲಿ ಬ್ರೇಕನ್ನು ಹೇಗೆ ಮುದ್ದುಮಾಡಬೇಕೆಂದು ಕಲಿಸಿದವನೂ ಅವನೇ.

ಇದ್ದಕ್ಕಿದ್ದಂತೆ ಕೆಂಪು ಕಾರು ಓಲಾಡಿತು. ಹಿಂದಿನ ಟೈರು ಚಿಂದಿಯಾಗಿ ಹಾರಿತು. ಹಳದಿ ಬಾವುಟ ಬಿತ್ತು.

"ನಿಧಾನ, ನಿಧಾನ! ಹಳದಿ ಬಂತು. ವಾಲ್ಟನ ಟೈರ್ ಹೋಯ್ತು."

"ಅಯ್ಯೋ! ಅವ್ರಿಗೇನೂ ಆಗ್ಲಿಲ್ಲ ತಾನೇ?"

"ಏನಿಲ್ಲ. ಟೈರ್ ಬದಲಾಯಿಸ್ಕೊಂಡು ಕೊನೇಲಿ ಸೇರ್ಕೋತಾರೆ."

"ಹಂಗಾದ್ರೆ..." ಅವಳ ಉಸಿರು ಒಂದು ಕ್ಷಣ ನಿಂತಿತು. "ಹಂಗಾದ್ರೆ ಈಗ ನಾನೇ ಮುಂದೆ?"

"ನೀನೇ."

ಕಿವಿಯಲ್ಲಿ ಅವಳು ನಕ್ಕಳು. ತೇಜಸ್ವಿಯ ಕಣ್ಣು ಮಂಜಾಯಿತು. ಹಳದಿ ಬಾವುಟ ಬಿದ್ದರೆ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ದೀಪ ಮಿನುಗಿಸುವ ಅಧಿಕಾರಿಗಳ ಕಾರಿನ ಹಿಂದೆ ನೀಲಿ ಕಾರು, ಅದರ ಹಿಂದೆ ಮಿಕ್ಕವೆಲ್ಲ ಸಾಲುಗಟ್ಟಿ ಮೆಲ್ಲಗೆ ಸಾಗಿದವು.

ಪಕ್ಕದಲ್ಲಿ ನಿಂತಿದ್ದ ವಾಲ್ಟನ ಮಗಳು ಅಪ್ಪನ ರೇಡಿಯೋ ಕೇಳುತ್ತಿದ್ದವಳು ಹುಬ್ಬೇರಿಸಿದಳು. "ಕೋಕೋನಟ್? ಟೈರಲ್ಲಿ ಕೋಕೋನಟ್ ಶೆಲ್ ಸಿಕ್ತಂತೆ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಚಾವಣಿಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಈ ಒಣಗುಡ್ಡಕ್ಕೆ ತೆಂಗಿನಕಾಯಿ ಎಲ್ಲಿಂದ ಬರಬೇಕು, ಆಕಾಶದಿಂದ ಉದುರಿತೇ?

ತೇಜಸ್ವಿ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನದು ತೆಂಗಿನಕಾಯಿ, ಅಷ್ಟೇ ವ್ಯತ್ಯಾಸ.

ರೇಸಿಗೆ ಮುಂಚೆ ಅವನ ಅವ್ವ ದೊಡ್ಡತಾಯಮ್ಮ ಹಟ ಹಿಡಿದಿದ್ದಳು. ಮಂಡ್ಯದಿಂದ ಬಂದು ತಿಂಗಳಾಗಿತ್ತಷ್ಟೆ. "ಹೆಣ್ಮಗ ಬೆಂಕಿಯಂಗೆ ಓಡೋ ಗಾಡೀಲಿ ಕೂತದೆ, ದಿಷ್ಟಿ ತೆಗೀದೆ ಬುಟ್ಟಾರಾ? ನೀನ್ ಸುಮ್ಕಿರ್ಲಾ," ಎಂದವಳೇ ಕಾರುಗಳು ಹಾದಿಗಿಳಿಯುವ ಬಾಗಿಲಲ್ಲಿ ನಿಂತು, ನೀಲಿ ಕಾರಿಗೆ ಮೂರು ಸುತ್ತು ನಿವಾಳಿಸಿ, ಕಾಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಏನು ಕೈ ಮುದುಕಿಯದು! ಚಿಪ್ಪು ನಾಲ್ಕು ದಿಕ್ಕಿಗೂ ಸಿಡಿಯಿತು. ಅಷ್ಟರಲ್ಲಿ ಚಾವಣಿಯಿಂದ ದಾರಿ ಹೇಳುವ ಸ್ಪಾಟರುಗಳನ್ನು ಮೇಲಕ್ಕೆ ಕರೆದರು, ಇವನು ಓಡಿದ. ಊರಲ್ಲಿ ಈಡುಗಾಯಿ ಒಡೆದರೆ ಚೂರು ನೆಲ ಮುಟ್ಟುವ ಮುಂಚೆಯೇ ಮಕ್ಕಳು ಮುಗಿಬಿದ್ದು ಆಯ್ದುಕೊಳ್ಳುತ್ತಾರೆ. ಅದನ್ನು ಗುಡಿಸಬೇಕೆಂದು ಯಾರ ತಲೆಗಾದರೂ ಹೊಳೆಯುತ್ತದೆಯೇ? ಇವನ ತಲೆಗೂ ಹೊಳೆದಿರಲಿಲ್ಲ. ಇಲ್ಲಿ ಆಯುವವರೇ ಇಲ್ಲವೆಂಬುದು ಈಗ ಹೊಳೆಯಿತು. ಯಾವುದೋ ಚಕ್ರಕ್ಕೆ ಕಚ್ಚಿಕೊಂಡು ಚೂರು ಹಾದಿಗೆ ಬಂದಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಈ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಾಗುವುದಿಲ್ಲ. ಹೆಂಡತಿಯ ಆ ನಗು ಇನ್ನೂ ಕಿವಿಯಲ್ಲಿತ್ತು.

"ತೇಜು, ಯಾಕೆ ಸುಮ್ನಾದೆ? ಏನ್ ಬಿದ್ದಿತ್ತಂತೆ ಟ್ರ್ಯಾಕಲ್ಲಿ?"

ಏನೋ ಕಸ ಎನ್ನಲು ಬಾಯಿ ತೆರೆದ. ಅವಳ ಕಣ್ಣು ತಾನೇ ಎಂಬುದು ನೆನಪಾಗಿ ನಾಲಿಗೆ ಹೊರಳಲಿಲ್ಲ. "ತೆಂಗಿನ್ ಚಿಪ್ಪು," ಎಂದ. "ಅವ್ವನ್ ಕಾಯಿ."

ನೀಲಿ ಕಾರು ಒಂದು ಸುತ್ತು ಪೂರ್ತಿ ಬಂದಿತು.

"ನೋಡು, ಅದೃಷ್ಟದ ಗೆಲುವೂ ಗೆಲುವೇ," ಎಂದ ತೇಜಸ್ವಿ. ತನಗೇ ಹೇಳಿಕೊಂಡಂತಿತ್ತು. "ವಾಲ್ಟೇ ಹೇಳ್ತಿದ್ರಲ್ಲ, ಎಪ್ಪತ್ತೊಂಬತ್ತರ ಡೇಟೋನಾ ರೇಸ್ ಕತೆ? ಕೊನೇ ಸುತ್ತಲ್ಲಿ ಮುಂದಿದ್ದ ಇಬ್ರೂ ಗುದ್ಕೊಂಡು ಹುಲ್ಲಿಗೆ ಬಿದ್ರು, ಎಷ್ಟೋ ಹಿಂದಿದ್ದ ಮೂರ್ನೇವ್ನು ಬಂದು ಗೆದ್ದ. ದೇಶಾನೇ ಟೀವೀಲಿ ನೋಡ್ತು. ಯಾರಾದ್ರೂ ಅವನ್ ಗೆಲುವು ಸುಳ್ಳು ಅಂದ್ರಾ?"

"ಆ ಮೂರ್ನೇವ್ನ ಅಮ್ಮ ರೋಡಲ್ಲಿ ಕಾಯಿ ಒಡ್ದಿರ್ಲಿಲ್ಲ ಕಣೋ."

ದೂರದ ತಿರುವಿನಲ್ಲಿ ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು. ಅಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು.

"ಅತ್ತೆಗೆ ಮಾತ್ರ ಹೇಳ್ಬೇಡ," ಎಂದಳು. ಎಡಕ್ಕೆ ತಿರುಗಿ, ಸಾಲು ಬಿಟ್ಟು, ಟೈರು ಬದಲಾಯಿಸುವ ಪಿಟ್ಟಿನೊಳಗೆ ಇಳಿದಳು.

ಚಾವಣಿಯ ಮೇಲೆ ಎಲ್ಲರೂ ಬಾಯಿಬಿಟ್ಟು ನೋಡಿದರು. ಮೊದಲ ಸ್ಥಾನ ಬಿಟ್ಟು ಹೋಗುವ ಹುಚ್ಚಿಯೂ ಉಂಟೇ? ಎಂಜಿನ್ನು ಕೆಟ್ಟಿತೇ ಎಂದು ವಾಲ್ಟನ ಮಗಳು ಕೇಳಿದಳು. ತೇಜಸ್ವಿ ಇಲ್ಲವೆಂದು ತಲೆಯಾಡಿಸಿ, ಕಾಯಿಯ ಕತೆಯನ್ನು ಇದ್ದದ್ದು ಇದ್ದಹಾಗೆ ಹೇಳಿದ. ಅವಳು ಈ ಸಲ ನಗಲಿಲ್ಲ. ಮೈಕಿನಲ್ಲಿ ಅಪ್ಪನಿಗೆ ಏನೋ ಮೆಲ್ಲಗೆ ಹೇಳಿದಳು.

ರೇಸು ಮತ್ತೆ ಶುರುವಾಗುವ ಹಸಿರು ಬಾವುಟ ಬಿದ್ದಾಗ ಎಲ್ಲರ ಹಿಂದೆ ಕೆಂಪು ಕಾರು, ಅದರ ಬಾಲಕ್ಕೆ ನೀಲಿ ಕಾರು. ಉಳಿದಿದ್ದದ್ದು ಕೆಲವೇ ಸುತ್ತು. ಆಮೇಲೆ ನಡೆದದ್ದನ್ನು ತೇಜಸ್ವಿ ಎಚ್ಚರದಲ್ಲಿ ಕಂಡನೋ ಕನಸಿನಲ್ಲೋ. ಮಂಜು ಇಳಿದು ದೀಪಗಳ ಸುತ್ತ ಹಬ್ಬಿತ್ತು. ಮುದುಕ ಸಂದು ಮಾಡಿದಲ್ಲಿ ಅವಳು ನುಗ್ಗಿದಳು, ಅವಳು ಹಿಂದಿನಿಂದ ತಳ್ಳಿದಲ್ಲಿ ಮುದುಕ ಮುಂದಕ್ಕೆ ಹಾರಿದ. ಎರಡು ಕಾರು ಒಂದೇ ದಾರಕ್ಕೆ ಪೋಣಿಸಿದಂತೆ ಮಂಜಿನಲ್ಲಿ ಮುಳುಗಿ ಮೇಲೇಳುತ್ತ ಒಬ್ಬೊಬ್ಬರನ್ನೇ ದಾಟಿ ಬಂದವು. ಅವನು ಮೈಕಿನಲ್ಲಿ ಒಂದು ಮಾತೂ ಆಡಲಿಲ್ಲ, ಅವಳೂ ಕೇಳಲಿಲ್ಲ. ಗೆದ್ದವನು ಬೇರೆ ಯಾವನೋ. ಇವರು ನಾಲ್ಕನೆಯವನು, ಐದನೆಯವಳು.

ಗೆರೆ ದಾಟಿದ ಮೇಲೆ ವಾಲ್ಟ್ ಕಿಟಕಿಯಿಂದ ಕೈ ಹೊರಗೆ ಚಾಚಿ, ಹಿಂದಿನ ಕಾರನ್ನು ತನ್ನ ಪಕ್ಕಕ್ಕೆ ಕರೆದ.

ತೇಜಸ್ವಿ ಕೆಳಗಿಳಿದು ಬಂದಾಗ ದೊಡ್ಡತಾಯಮ್ಮ ಗ್ಯಾಲರಿಯ ತಗಡು ಬೆಂಚಿನ ಮೇಲೆ ಸ್ವೆಟರು, ಶಾಲು ಎಲ್ಲ ಹೊದ್ದು ಕೂತಿದ್ದಳು. ಅವಳ ಮುಖ ಊರಗಲ ಅರಳಿತ್ತು. "ಅದೇನೋ ಹಾಕ್ಕಂಡು ಮಾತಾಡ್ತೀಯಲ್ಲ, ನಂಗೂ ಕೊಡ್ಲಾ," ಎಂದಳು. ಅವನು ಹೆಡ್‌ಸೆಟ್ಟನ್ನು ಅವಳ ಸೆರಗಿನ ಮೇಲೆಯೇ ಕೂರಿಸಿ, ತಾನೂ ಕಿವಿ ಹಚ್ಚಿ ಕೂತ.

"ಮಗಾ ಸಿಂದೂ, ಗೆದ್ಬುಟ್ಟೆ ಕನವ್ವ! ನಾನು ಈ ಕಣ್ಣಾರ ನೋಡ್ದೆ. ದೀಪದ್ ಕಾರು ಮುಂದೆ, ನೀನು ಅದ್ರ ಹಿಂದೆ, ಆ ಬಿಳೀ ಜನ್ವೆಲ್ಲ ನಿನ್ನಿಂದೆ ಸಾಲಾಗಿ ಬತ್ತಿದ್ರು. ಏನ್ ಮೆರವಣಿಗೆ ಅಂತೀಯಾ! ಆಮ್ಯಾಕೆ ಅದ್ಯಾಕೋ ಎಲ್ರೂ ಇನ್ನೊಸಿ ಓಡಾಡಿದ್ರು, ಅದು ನಂಗ್ ತಿಳೀನಿಲ್ಲ."

"ಹೂಂ ಅತ್ತೆ," ಎಂದಳು ಸಿಂಧು. "ಗೆದ್ದೆ."

"ನನ್ ಕಾಯಿ ಸುಮ್ಕಾಯ್ತದಾ? ಬರೋ ಶನ್ವಾರ ಎಲ್ಡು ಒಡೀತೀನಿ."

ತೇಜಸ್ವಿ ತಲೆ ತಗ್ಗಿಸಿದ. ಬರುವ ಶನಿವಾರದ ವಿಷಯ ಅವ್ವನಿಗೆ ಯಾರೂ ಹೇಳಿರಲಿಲ್ಲ.

"ಆಯ್ತು ಅತ್ತೆ, ಎರಡು ಒಡೀರಿ."

ಮಿಕ್ಕ ಕಾರುಗಳು ಒಂದೊಂದಾಗಿ ಒಳಗೆ ಹೋದವು. ಆಚೆ ತಿರುವಿನ ದೀಪ ಆರಿಸಿದರು, ಆಮೇಲೆ ಅದರ ಪಕ್ಕದ್ದು. ಕೆಂಪು ಕಾರೂ ನೀಲಿ ಕಾರೂ ಒಳಗೆ ಬರಲಿಲ್ಲ; ಅಕ್ಕಪಕ್ಕ, ಎತ್ತಿನ ಗಾಡಿಯಷ್ಟು ನಿಧಾನವಾಗಿ, ಕತ್ತಲಾದ ತಿರುವಿನೊಳಕ್ಕೆ ಹೋಗಿ ಮತ್ತೆ ಬೆಳಕಿಗೆ ಬಂದವು. ದೊಡ್ಡತಾಯಮ್ಮ ಎರಡೂ ಕೈಯನ್ನು ಗಾಳಿಯಲ್ಲಿ ಆಡಿಸಿ ಹಣೆಗೆ ಒತ್ತಿಕೊಂಡು ಲಟಲಟನೆ ನೆಟಿಗೆ ಮುರಿದಳು.