ಕಟ್ಟೆಯ ಬಿರುಕಿನ ಚಿತ್ರಗಳು

ವೆಲಿಕಾ ಉಳಿದಿದ್ದ ಕರಿಬಟ್ಟೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಎಳೆದು, ಜಾರದಿರಲೆಂದು ಮೇಲೊಂದು ದಪ್ಪ ನಿಘಂಟು ಇಟ್ಟಳು. ಮನೆಯ ಕನ್ನಡಿಗಳನ್ನೆಲ್ಲ ನಿನ್ನೆಯೇ ಮುಚ್ಚಿದ್ದಾಗಿತ್ತು. ಹೆಣ ಮನೆಯಲ್ಲಿರುವಾಗ ಅದರ ಬಿಂಬ ಯಾವ ಗಾಜಿನಲ್ಲೂ ಬೀಳಬಾರದು. ಬಿದ್ದರೆ ಅದೇ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ. ಆರಿದ ಪರದೆಯೂ ಗಾಜೇ ಎಂಬುದು ಅವಳಿಗೆ ಹೊಳೆದದ್ದು ಈಗ, ಅದರೊಳಗೆ ಗಂಡ ಗೆಂಚೊನ ಮೂಗಿನ ತುದಿಯೂ ಅವನ ಕೈಗೆ ಸಿಕ್ಕಿಸಿದ ಮೇಣದಬತ್ತಿಯೂ ಕಂಡಾಗ.

ಹೊರಗೆ ಮಳೆ ಹಿಡಿದು ಒಂಬತ್ತು ದಿನವಾಗಿತ್ತು.

"ನಲವತ್ತು ವರ್ಷ ಕಾಗದ ಹಂಚಿ ಸವೆದ ಕಾಲು," ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸುತ್ತ ಪಕ್ಕದ ಮನೆಯ ತ್ಸೊಂಕಾ ಅಂದಳು. "ಈ ಮಳೇಲಿ ಕಟ್ಟೆ ಹತ್ತೋ ಅಂಥದ್ದು ಏನಿತ್ತು ಗೆಂಚೊಗೆ?"

"ಫೋಟೋ ತೆಗೆಯೋಕೆ," ಬಾಗಿಲಿಗೆ ಒರಗಿ ನಿಂತಿದ್ದ ಕೋಸ್ತಾ ಹೇಳಿದ. ಮುಚ್ಚಿದ ಗಣಿಯಿಂದ ಈಗಲೂ ಸಂಬಳ ಬರುತ್ತಿದ್ದುದು ಅವನೊಬ್ಬನಿಗೆ. ಅವನು ಗಣಿಯ ಕೆಸರು ತಡೆದ ಕಟ್ಟೆಯ ಕಾವಲುಗಾರ. "ದಿನಾ ನೋಡ್ತೀನಿ ನಾನು. ಕಟ್ಟೆಗೇನೂ ಆಗಿಲ್ಲ. ಬಿರುಕು ಇದ್ದದ್ದು ಮುದುಕನ ತಲೇಲಿ. ದೇವರು ಅವನನ್ನ ಕ್ಷಮಿಸಲಿ."

ಗೆಂಚೊ ಬದುಕಿದ್ದಾಗ ವೆಲಿಕಾಳೂ ಅವನಿಗೆ ಅದನ್ನೇ ಅಂದಿದ್ದಳು.

* * *

ಗಣಿ ಮುಚ್ಚಿದರೂ ಅದರ ಬೂದು ಕೆಸರು ಊರಿನ ನೆತ್ತಿಯ ಮೇಲೆ, ಮಣ್ಣಿನ ಕಟ್ಟೆಯ ಹಿಂದೆ ಹಾಗೇ ಉಳಿದಿತ್ತು. ಗೆಂಚೊ ಹರೆಯದಲ್ಲಿ ಒಮ್ಮೆ ಗುಡ್ಡದಾಚೆಯ ಹಳ್ಳಿಗೆ ಕಾಗದ ಒಯ್ದವನು, ಕೊಡಲು ಮನೆಗಳೇ ಇಲ್ಲದೆ ತುಂಬಿದ ಚೀಲ ಹೊತ್ತು ಮರಳಿದ್ದ. ಅಲ್ಲಿಯ ಕಟ್ಟೆ ಹಿಂದಿನ ಸಂಜೆ ಒಡೆದಿತ್ತು. ಆಮೇಲೆ ಜೋರು ಮಳೆ ಬಂದಾಗಲೆಲ್ಲ ಅವನು ಬೂಟು ಬಿಚ್ಚದೆ ಮಲಗುತ್ತಿದ್ದ.

ಎರಡು ವರ್ಷದ ಹಿಂದೆ ತಮ್ಮ ಕಟ್ಟೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡು ರಾಜಧಾನಿ ಸೋಫಿಯಾಕ್ಕೆ ಅರ್ಜಿ ಬರೆದ. ಅದು ಬೆಳೆಯುತ್ತಿದೆ ಎಂಬುದಕ್ಕೆ ಆಧಾರ ಕಳುಹಿಸಿ ಎಂದು ಉತ್ತರ ಬಂತು. ಅವನ ಹಳೆಯ ಕ್ಯಾಮೆರಾದಲ್ಲಿ ಮೂವತ್ತಾರು ಚಿತ್ರ ಮುಗಿದ ಮೇಲೆ ರೀಲು ತೊಳೆಸಬೇಕು. ಬಿರುಕು ಅಲ್ಲಿಯವರೆಗೆ ಕಾಯುತ್ತದೆಯೇ? ಹೊಸ ಬಗೆಯ ಡಿಜಿಟಲ್ ಕ್ಯಾಮೆರಾ ಬೇಕಾಯಿತು. ಆದರೆ ಮನೆಯಲ್ಲಿದ್ದ ಕಂಪ್ಯೂಟರು ಅಂಚೆ ಕಚೇರಿಯವರು ಎಸೆಯುವ ಬದಲು ಅವನಿಗೆ ಕೊಟ್ಟದ್ದು. ಗೆಂಚೊ ಅದರ ಬೆನ್ನಿನ ತೂತುಗಳನ್ನೆಲ್ಲ ಅಳೆದು, ಪೆನ್ಸಿಲಿನಲ್ಲಿ ಬರೆದುಕೊಂಡು ಪೇಟೆಗೆ ಹೋದ.

"ತಾತ, ಈಗಿನ ಕ್ಯಾಮೆರಾಗೆ ಯುಎಸ್‌ಬಿ ಬೇಕು. ನಿಮ್ಮದರಲ್ಲಿ ಇಲ್ಲ," ಮೊದಲ ಅಂಗಡಿಯವನು ನಕ್ಕ. "ಕಂಪ್ಯೂಟರೇ ಹೊಸದು ತಗೊಳ್ಳಿ."

"ಅದು ಇರೋ ಹಾಗೇ ಇರ್ಲಿ. ಅದಕ್ಕೆ ಹೊಂದೋ ಕ್ಯಾಮೆರಾ ಕೊಡು."

ಮೂರು ಅಂಗಡಿಯಲ್ಲಿ ಇದೇ ಮಾತಾಯಿತು. ನಾಲ್ಕನೆಯದರಲ್ಲಿ ಒಬ್ಬಳು ಹೆಂಗಸು ಅವನ ಪೆನ್ಸಿಲ್ ಚಿತ್ರವನ್ನು ನಗದೆ ನೋಡಿ, ಕೆಳಗಿನ ಗೂಡಿನಿಂದ ಯಾರೋ ಬಳಸಿ ಬಿಟ್ಟ, ಇಟ್ಟಿಗೆಯಷ್ಟು ದಪ್ಪದ ಕ್ಯಾಮೆರಾ ತೆಗೆದಳು. ಅದರ ಹೊಟ್ಟೆಗೆ ಫ್ಲಾಪಿ ಹಾಕಬೇಕಿತ್ತು.

"ತಂತಿ ಗಿಂತಿ ಏನೂ ಬೇಡ. ಫ್ಲಾಪಿ ಇಲ್ಲಿಂದ ತೆಗೀರಿ, ಅಲ್ಲಿ ಹಾಕಿ. ಒಂದಕ್ಕೆ ಇಪ್ಪತ್ತೇ ಚಿತ್ರ, ಅಷ್ಟೆ."

"ನಂಗೆ ದಿನಕ್ಕೆ ಒಂದು ಸಾಕು," ಅಂದ ಗೆಂಚೊ.

ಮೊದಲು ತೆಗೆದದ್ದು ವೆಲಿಕಾಳನ್ನು: ಕೈಯಲ್ಲಿ ಈರುಳ್ಳಿ, ಬಾಯಲ್ಲಿ ಬೈಗುಳ. ಆಮೇಲಿನದೆಲ್ಲ ಬಿರುಕು.

* * *

ವೆಲಿಕಾಳ ಅಣ್ಣನ ಮಗಳು ದೆಸಿ ಆಸ್ಪತ್ರೆಯಿಂದ ಗೆಂಚೊನ ಒದ್ದೆ ಕೋಟು, ಕ್ಯಾಮೆರಾ ತಂದಳು. ಕಟ್ಟೆಯಿಂದ ಜಾರಿ ಬಿದ್ದಾಗಲೂ ಕ್ಯಾಮೆರಾ ಕೋಟಿನೊಳಗೇ ಇತ್ತಂತೆ.

"ಅತ್ತೆ, ಫ್ಲಾಪಿ ಇದರಲ್ಲೇ ಇದೆ. ನೋಡೋಣ್ವಾ?"

"ಹೆಣ ಎತ್ತಿದ ಮೇಲೆ."

"ಅಷ್ಟೊತ್ತಿಗೆ ಏನಾಗಿರುತ್ತೋ. ಮಾವ ಹತ್ತಿದ್ದು ಇದಕ್ಕೇ ಅಲ್ವಾ?"

ವೆಲಿಕಾ ಗಂಡನ ಮುಖ ನೋಡಿದಳು. ನಿಘಂಟು ಎತ್ತಿ ಬಟ್ಟೆ ಸರಿಸಿದಳು. ಅವನ ಬಿಂಬ ಬೀಳದಂತೆ ಶವಪೆಟ್ಟಿಗೆಗೂ ಪರದೆಗೂ ನಡುವೆ ತಾನೇ ನಿಂತಳು. ದೆಸಿ ಕಂಪ್ಯೂಟರಿಗೆ ಫ್ಲಾಪಿ ಹಾಕಿದಳು.

ಪ್ರತಿ ಚಿತ್ರದಲ್ಲೂ ಬಿರುಕಿಗೆ ಅಡ್ಡಲಾಗಿ ಶಾಲೆಯ ಮಕ್ಕಳ ಅಳತೆಪಟ್ಟಿ. ಮಳೆಯ ಮೊದಲ ದಿನ ಅರ್ಧ ಬೆರಳು. ಐದನೆಯ ದಿನ ಮೂರು ಬೆರಳು. ಕೊನೆಯದರಲ್ಲಿ ಪಟ್ಟಿಯೇ ಇರಲಿಲ್ಲ. ಮನುಷ್ಯನ ತೋಳು ಇಳಿಯುವಷ್ಟು ಕಪ್ಪು ಸೀಳು, ಅದರ ಆಳದಲ್ಲಿ ಬೂದು ನೀರಿನ ಹೊಳಪು.

ತ್ಸೊಂಕಾ ಸೌಟು ಹಿಡಿದ ಕೈಯಲ್ಲೇ ಶಿಲುಬೆ ಗುರುತು ಮಾಡಿಕೊಂಡಳು. "ಕೋಸ್ತಾ, ನೋಡಿಲ್ಲಿ."

"ಹತ್ರದಿಂದ ತೆಗೆದ್ರೆ ಎಲ್ಲಾ ದೊಡ್ಡದಾಗೇ ಕಾಣುತ್ತೆ," ಅವನು ಪರದೆಯತ್ತ ಬಾರದೆಯೇ ಹೇಳಿದ. "ಪಾದ್ರಿ ಕಾಯ್ತಿದಾರೆ. ಎತ್ತೋಣ."

* * *

ಸ್ಮಶಾನ ಹಳ್ಳದ ಈಚೆ ದಂಡೆಯ ಏರಿನಲ್ಲಿತ್ತು. ದಾರಿಯುದ್ದಕ್ಕೂ ಯಾರೂ ಅಳಲಿಲ್ಲ. ಎಲ್ಲರ ಕಿವಿ ಗುಡ್ಡದ ಕಡೆಗಿತ್ತು. ಎಲ್ಲೋ ಒಂದು ಕಲ್ಲು ಉರುಳಿದಾಗ ಪೆಟ್ಟಿಗೆ ಹೊತ್ತವರು ನಿಂತುಬಿಟ್ಟರು. ಆಮೇಲೆ ಹೆಜ್ಜೆ ಬಿರುಸಾಯಿತು. ಪಾದ್ರಿ ಪ್ರಾರ್ಥನೆಯನ್ನು ಅರ್ಧಕ್ಕೇ ಮುಗಿಸಿದರು.

"ಊಟ ಆಮೇಲಾಯ್ತು. ಎಲ್ರೂ ಮೇಲಿನ ರಸ್ತೆಗೆ ಹೋಗೋಣ," ಅಂದಳು ದೆಸಿ.

"ಜನರನ್ನ ಹೆದರಿಸ್ಬೇಡಮ್ಮಾ," ಅಂದ ಕೋಸ್ತಾ. "ಹೋಗಿ ಮನೇಲಿ ಬೆಚ್ಚಗಿರಿ. ಏನಾದ್ರೂ ಆದ್ರೆ ಹೇಳೋಕೆ ನಾನಿಲ್ವಾ?"

ಕೆಲವರು ತಲೆಯಾಡಿಸಿದರು. ಒಬ್ಬಿಬ್ಬರು ಮನೆಗಳತ್ತ ಇಳಿಯತೊಡಗಿದರು.

ವೆಲಿಕಾ ಗುಂಡಿಗೆ ದ್ರಾಕ್ಷಾರಸ ಸುರಿದು, ಒಂದು ಹಿಡಿ ಮಣ್ಣು ಹಾಕಿ ತಲೆಯೆತ್ತಿದಳು. ಅಲ್ಲಿಂದ ಹಳ್ಳದಾಚೆ, ಕಟ್ಟೆಯ ಬುಡಕ್ಕೇ ಅಂಟಿಕೊಂಡಂತಿದ್ದ ಕೋಸ್ತಾನ ಮನೆ ನೇರವಾಗಿ ಕಾಣುತ್ತಿತ್ತು. ಕಿಟಕಿಗಳಲ್ಲಿ ಪರದೆ ಇರಲಿಲ್ಲ. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಖಾಲಿ ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅಂಗಳದ ಕೆಸರಿನಲ್ಲಿ ನಾಯಿಯ ಸರಪಳಿ ಬಿಚ್ಚಿ ಬಿದ್ದಿತ್ತು.